ಬೆಂಚಿನ ಬಾಬ್ತು

ಕುತೈಸಿಯ ಹಳೆಯ ಚಿತ್ರಮಂದಿರವೇ ಈ ಸಲ ಸಭಾಂಗಣ.
ಹತ್ತೊಂಬತ್ತು ಊರು, ಹತ್ತೊಂಬತ್ತು ಮೇಯರು,
ತಲೆಗೆ ಏಳೇ ನಿಮಿಷ.
ಹಿಂದಿನ ಸಾಲಿನ ಮೂಲೆಯಲ್ಲಿ ನಾನು,
ನಡಾವಳಿ ಬರೆಯುವವಳು.
ಎಷ್ಟು ವರ್ಷದಿಂದ ಎಂದರೆ
'ಅಭಿವೃದ್ಧಿ' ಎಂಬ ಪದ ಅವರ ಬಾಯಿಗೆ ಬರುವ ಮೊದಲೇ
ನನ್ನ ಬೆರಳು ಅದನ್ನು ಒತ್ತಿ ಮುಗಿಸಿರುತ್ತದೆ.

ಮೊದಲು ಎದ್ದವರು ಜುಂಬೆರ್, ಕಡಲದಂಡೆಯವರು.
ಕಾರಂಜಿ ತೋರಿಸಿದರು. ಪರದೆಯ ಮೇಲೆ ನೀರು
ಹಸಿರಾಗಿ, ಕೆಂಪಾಗಿ, ಮತ್ತೆ ಹಸಿರಾಗಿ ಚಿಮ್ಮಿತು.
"ರಾತ್ರಿ ಹನ್ನೊಂದರವರೆಗೆ," ಎಂದರು,
ತಾವೇ ನಿಂತು ಪಂಪು ಒತ್ತುವವರ ಹಾಗೆ.
ಆಮೇಲೆ ತೆಮೂರಿ: ಹದಿನಾಲ್ಕು ಬಸ್ಸು, ಎಲ್ಲವೂ ವಿದ್ಯುತ್ತಿನವು,
ಒಂದರ ಕನ್ನಡಿ ಮಾತ್ರ ಮೊದಲ ವಾರವೇ ಒಡೆಯಿತು,
ಇದನ್ನು ಬರೆಯಬೇಡಿ ಎಂದು ನನ್ನತ್ತ ಕೈಯಾಡಿಸಿದರು.
ಬರೆಯಲಿಲ್ಲ. ಇಲ್ಲಿ ಬರೆದೆ.

ಒಬ್ಬರ ಊರಲ್ಲಿ ಬೀದಿನಾಯಿಗಳಿಗೆಲ್ಲ ಕಿವಿಗೆ ಹಳದಿ ಬಿಲ್ಲೆ.
ಒಬ್ಬರ ಊರಲ್ಲಿ ಇನ್ನು ಮೂರು ವರ್ಷಕ್ಕೆ ಎಲ್ಲವೂ.
'ಎಲ್ಲವೂ' ಎಂದರೆ ಏನೆಂದು ಯಾರೂ ಕೇಳಲಿಲ್ಲ;
ಗಂಟೆ ಹೊಡೆಯಿತು, ಚಪ್ಪಾಳೆ.
ನಡುವೆ ಊಟ. ಬಟ್ಟಲೆತ್ತಿ ಹರಸಿದರು
ಹತ್ತೊಂಬತ್ತು ಊರಿಗೆ ಹತ್ತೊಂಬತ್ತು ಸಲ;
ಹೀಗಾಗಿ ಊಟದ ಮೇಲಿನ ವರದಿಗಳೆಲ್ಲ
ಸ್ವಲ್ಪ ಉದಾರವಾಗಿದ್ದವು.

ಕೊನೆಗೆ ಮಾಕ್ವಾಲಾ.
ಕಣಿವೆಯೂರು, ಮ್ಯಾಂಗನೀಸಿನ ಗಣಿ.
ಪರದೆ ಅವರ ಚಿತ್ರಗಳನ್ನು ತೆರೆಯಲೊಲ್ಲದು.
ಹುಡುಗನೊಬ್ಬ ತಂತಿ ಕಿತ್ತು ಚುಚ್ಚಿ, ಕಿತ್ತು ಚುಚ್ಚಿ,
ಎರಡು ನಿಮಿಷ ಅಲ್ಲೇ ಹೋಯಿತು.
"ಬಿಡು ಮಗಾ," ಎಂದರು, "ತೋರಿಸುವಂಥದ್ದೇನಿಲ್ಲ."
ಕನ್ನಡಕ ತೆಗೆದರು. ಕಾಗದವನ್ನೂ ಮಡಚಿದರು.

"ಹುಟ್ಟಿದವರು ನಲವತ್ತೊಂದು. ಹೋದವರು ನೂರ ಹದಿನೆಂಟು.
ಇದರಲ್ಲಿ ಸತ್ತವರೆಷ್ಟು, ರೈಲು ಹತ್ತಿದವರೆಷ್ಟು,
ಬೇರೆ ಬೇರೆ ಮಾಡಿ ಬರೆದಿಲ್ಲ, ಕ್ಷಮಿಸಿ.
ಮೇಲಿನ ಕೇರಿಗೆ ತಂತಿಯ ಮೇಲೆ ತೂಗುವ ತೊಟ್ಟಿಲಿತ್ತು,
ನಮ್ಮಪ್ಪ ಅದರಲ್ಲೇ ಪಾಳಿಗೆ ಹೋಗಿ ಬರುತ್ತಿದ್ದ.
ತಂತಿಗೆ ವಯಸ್ಸಾಯಿತೆಂದು ನಿಲ್ಲಿಸಿದರು.
ಹೊಸದು ಬರುತ್ತದೆ. ಬರುತ್ತದೆ ಎಂದು ಹೋದ ವರ್ಷವೂ
ಇದೇ ಮೈಕಿನಲ್ಲಿ ನಾನೇ ಹೇಳಿದ್ದೆ.
ಈಗ ಮೆಟ್ಟಿಲು. ನಾನೂರ ಇಪ್ಪತ್ತಾರು.
ಎಣಿಸಿದ್ದು ನಾನಲ್ಲ, ಅಂಚೆಯ ಲಮಾರಾ;
ಪಿಂಚಣಿ ಹೊತ್ತು ಹತ್ತುವಾಗ ಇನ್ನೂರ ಹನ್ನೆರಡರಲ್ಲಿ
ಉಸಿರು ಅವಳಿಗಿಂತ ಹಿಂದೆ ಬೀಳುತ್ತದಂತೆ.
ಅಲ್ಲಿ ಒಂದು ಬೆಂಚು.
ಮುಂದಿನ ವರ್ಷದ ನಮ್ಮ ಆದ್ಯತೆ ಅಷ್ಟೇ."

ಸಭೆ ನಕ್ಕಿತು. ಕೆಟ್ಟ ನಗೆಯಲ್ಲ,
ಅಲ್ಲಲ್ಲಿ ಅಕ್ರೋಟು ಒಡೆದಂಥ ನಗೆ.
ಅವರು ನಗಲಿಲ್ಲ. ಗಂಟೆಗೆ ಇನ್ನೂ ಸಮಯವಿತ್ತು,
ಆ ಸಮಯವನ್ನು ಸುಮ್ಮನೆ ನಿಂತು ಕಳೆದರು.
ಮೈಕು ಉಸಿರಾಡುವುದು ಕೇಳುತ್ತಿತ್ತು.
ಆಗ ಮುಂದಿನ ಸಾಲಿನಿಂದ ಕಾರಂಜಿಯ ಜುಂಬೆರ್:
"ಬೆನ್ನಿಗೆ ಆಸರೆ ಇರುತ್ತದೆಯೇ?"
ತಮಾಷೆಗೋ ಎಂದು ನೋಡಿದೆ. ಅಲ್ಲ.
ಅವರ ಕೈ ಮೊಣಕಾಲಿನ ಮೇಲಿತ್ತು.
"ಇರುತ್ತದೆ," ಎಂದರು ಮಾಕ್ವಾಲಾ. "ಇಬ್ಬರಿಗೆ.
ಮೂವರೂ ಕೂರಬಹುದು, ಜಗಳವಿಲ್ಲದಿದ್ದರೆ."

ಸಂಜೆ, ಕುರ್ಚಿ ಮಡಚುವ ಸದ್ದಿನ ನಡುವೆ
ನಮೂನೆ ತುಂಬಿದೆ. ಆದ್ಯತೆಯ ಮುಂದೆ ಮೊತ್ತ,
ದಶಲಕ್ಷಗಳಲ್ಲಿ.
ಕಾರಂಜಿ ಕೂತಿತು. ಬಸ್ಸುಗಳು ಕೂತವು.
ಬೆಂಚಿನದು ಬರೆದೆ; ಯಂತ್ರ ಅದನ್ನು ಸೊನ್ನೆ ಮಾಡಿತು.
ಮತ್ತೆ ಬರೆದೆ. ಮತ್ತೆ ಸೊನ್ನೆ.
ಹಾಗಾದರೆ ಅಂಕಿ ಬೇಡವೆಂದು ಅಕ್ಷರದಲ್ಲಿ ಹೊಡೆದೆ:
ಬೆಂಚು, ಒಂದು. ಮರದ್ದು. ಬೆನ್ನಾಸರೆಯುಳ್ಳದ್ದು.
ಸ್ಥಳ: ಇನ್ನೂರ ಹನ್ನೆರಡನೆಯ ಮೆಟ್ಟಿಲು, ಹತ್ತುವಾಗ ಎಡಕ್ಕೆ.

ಎಡಕ್ಕೆ ಎಂದು ಅವರು ಹೇಳಿರಲಿಲ್ಲ.
ಬಲಕ್ಕೆ ಕಣಿವೆಯಿದ್ದೀತೆಂದು ನಾನೇ ಸೇರಿಸಿದೆ.
ಇಷ್ಟು ವರ್ಷಗಳ ನಡಾವಳಿಯಲ್ಲಿ
ನನ್ನದೆಂಬ ಮಾತು ಇದೊಂದೇ.